ಅವಲಕ್ಕಿ ಡಬ್ಬಿಯಲ್ಲಿ ಫ್ಯಾರಡೆಯ ಪ್ರಯೋಗ

ಪಿಯುಸಿ ಮಕ್ಕಳಿಗೆ ಗಾಸ್ ನಿಯಮವನ್ನು (ಮುಚ್ಚಿದ ಮೈಯೊಂದರಿಂದ ಹೊರಬರುವ ವಿದ್ಯುತ್ ಕ್ಷೇತ್ರ, ಒಳಗಿರುವ ವಿದ್ಯುತ್ ಆವೇಶಕ್ಕೆ, ಅಂದರೆ ಚಾರ್ಜ್‌ಗೆ, ತಕ್ಕಷ್ಟಿರುತ್ತದೆ ಎನ್ನುವುದು) ಬೋರ್ಡಿನ ಮೇಲೆ ಬರೆಯುವ ಮುಂಚೆ ನಾನು ಮನೆಯಿಂದ ಅವಲಕ್ಕಿ ತುಂಬಿಡುವ ಉದ್ದನೆಯ ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಡುತ್ತೇನೆ. 1843ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಮಂಜುಗಡ್ಡೆ ಇಡುವ ಲೋಹದ ಬಕೆಟ್ಟಿನಲ್ಲಿ ಮಾಡಿದ ಪ್ರಯೋಗ ಇದು. ಆತನ ಬಕೆಟ್ಟು 10.5 ಇಂಚು ಎತ್ತರ, 7 ಇಂಚು ಅಗಲ. ನಿಮ್ಮ ಡಬ್ಬಿಯೂ ಅಗಲಕ್ಕಿಂತ ಆಳವಿರಲಿ. ಬಾಯಿ ಅಗಲವಾದರೆ ವಿದ್ಯುತ್ ಕ್ಷೇತ್ರದ ದಿಕ್ಕು ತೋರುವ ಕ್ಷೇತ್ರರೇಖೆಗಳು ಮೇಲಿನಿಂದ ಹೊರಗೆ ಹೋಗಿ ಫಲಿತಾಂಶ ಮಸುಕಾಗುತ್ತದೆ.

ಡಬ್ಬಿಯನ್ನು ದಪ್ಪ ಥರ್ಮೋಕೋಲ್ ಮೇಲಿಡಿ. ಪಕ್ಕದಲ್ಲಿ ವಿದ್ಯುದ್ದರ್ಶಕ (ಎಲೆಕ್ಟ್ರೋಸ್ಕೋಪ್) ಬೇಕು, ಆವೇಶ ಬಂದಾಗ ಇದರ ಎಲೆಗಳು ಒಂದನ್ನೊಂದು ದೂರ ತಳ್ಳುತ್ತವೆ: ಗಾಜಿನ ಬಾಟಲಿ, ಪ್ಲಾಸ್ಟಿಕ್ ಮುಚ್ಚಳ, ಅದರಲ್ಲಿ ತೂರಿಸಿದ ತಾಮ್ರದ ತಂತಿ, ತುದಿಯ ಕೊಕ್ಕೆಗೆ ಎರಡು ತೆಳ್ಳನೆಯ ಅಲ್ಯೂಮಿನಿಯಂ ಎಲೆ. ಡಬ್ಬಿಯ ಹೊರಮೈಯಿಂದ ಆ ತಂತಿಗೆ ಒಂದು ವೈರ್ ಎಳೆಯಿರಿ. ನಿಂಬೆಹಣ್ಣಿನ ಗಾತ್ರದ ಥರ್ಮೋಕೋಲ್ ಉಂಡೆಗೆ ಫಾಯಿಲ್ ಸುತ್ತಿ, ಗಾಳದ ನೈಲಾನ್ ದಾರಕ್ಕೆ ಕಟ್ಟಿ. ಹತ್ತಿ ದಾರ ಬೇಡ, ತೇವ ಹೀರಿ ಆವೇಶವನ್ನು ನಿಮ್ಮ ಕೈಗೇ ಇಳಿಸುತ್ತದೆ.

ಮಳೆಗಾಲದಲ್ಲಿ ಕೈಹಾಕಬೇಡಿ. ಮಲೆನಾಡಿನ ಕಾಲೇಜೊಂದರಲ್ಲಿ ಜುಲೈ ತಿಂಗಳಲ್ಲಿ ಇಡೀ ಪೀರಿಯಡ್ ಉಜ್ಜಿದರೂ ಎಲೆಗಳು ಅಲುಗಲಿಲ್ಲ. ಅದೇ ಸಾಮಾನು ಜನವರಿಯಲ್ಲಿ ಮೊದಲ ಸಲಕ್ಕೇ ಕೆಲಸ ಮಾಡಿತು.

ಪಿವಿಸಿ ಪೈಪನ್ನು ಕಂಬಳಿ ತುಂಡಿನಿಂದ ಉಜ್ಜಿ ಉಂಡೆಯ ಹತ್ತಿರ ಹಿಡಿಯಿರಿ. ಉಂಡೆಯ ಆಚೆ ಬದಿಯನ್ನು ಬೆರಳಿನಿಂದ ಮುಟ್ಟಿ, ಮೊದಲು ಬೆರಳು ತೆಗೆಯಿರಿ, ಆಮೇಲೆ ಪೈಪು. ಉಂಡೆಯಲ್ಲಿ ಧನ ಆವೇಶ ಉಳಿಯಿತು. ಪೈಪನ್ನು ದೂರ ಇಟ್ಟುಬಿಡಿ.

ಈಗ ಉಂಡೆಯನ್ನು ಎಲ್ಲೂ ತಾಗಿಸದೆ ಡಬ್ಬಿಯೊಳಗೆ ಇಳಿಸಿ. ಎಲೆಗಳು ಬಿಚ್ಚಿಕೊಳ್ಳುತ್ತವೆ. ಅರ್ಧ ಆಳ ದಾಟಿದ ಮೇಲೆ ಉಂಡೆಯನ್ನು ಎಡಕ್ಕೆ, ಬಲಕ್ಕೆ, ಗೋಡೆಯ ಸಮೀಪಕ್ಕೆ ತನ್ನಿ. ಎಲೆಗಳು ಇದ್ದಲ್ಲೇ ಇರುತ್ತವೆ. ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ತಳಕ್ಕೆ ತಾಗಿಸಿದರೆ ಏನಾದೀತು? ಇನ್ನಷ್ಟು ಬಿಚ್ಚುತ್ತವೆ ಎಂದೇ ಹೆಚ್ಚಿನವರ ಉತ್ತರ. ತಾಗಿಸಿ. ಎಲೆಗಳು ಒಂದಿಷ್ಟೂ ಮಿಸುಕುವುದಿಲ್ಲ. ಆ ಕ್ಷಣ ತರಗತಿಯಲ್ಲಿ ಬೀಳುವ ಮೌನ ನನಗೆ ಬಹಳ ಇಷ್ಟ. ಉಂಡೆಯನ್ನು ಹೊರತೆಗೆದರೂ ಎಲೆಗಳು ಬಿಚ್ಚಿಯೇ ಇರುತ್ತವೆ. ಉಂಡೆ ಮಾತ್ರ ಪೂರ್ತಿ ಖಾಲಿ.

ಲೋಹದ ದಪ್ಪದೊಳಗೆ ಕ್ಷೇತ್ರ ಶೂನ್ಯವಾಗಿರಲೇಬೇಕು. ಅದಕ್ಕಾಗಿ ಉಂಡೆಯಲ್ಲಿರುವಷ್ಟೇ ಋಣ ಆವೇಶ ಒಳಗೋಡೆಗೆ ಬಂದು ಸೇರುತ್ತದೆ, ಅಷ್ಟೇ ಧನ ಆವೇಶ ಹೊರಮೈಗೆ ಹೋಗುತ್ತದೆ. ತಾಗಿಸಿದಾಗ ಉಂಡೆಯದೂ ಒಳಗೋಡೆಯದೂ ಒಂದಕ್ಕೊಂದು ವಜಾ ಆಗುತ್ತವೆ. ಹೊರಗಿನದಕ್ಕೆ ಇದರ ಸುದ್ದಿಯೇ ತಲುಪುವುದಿಲ್ಲ.

ಡಬ್ಬಿಯಲ್ಲಿ ಆವೇಶ ಇರುವಾಗಲೇ ಇನ್ನೊಂದು ಮಾಡಿ. ಖಾಲಿ ಉಂಡೆಯನ್ನು ಒಳಗಿನ ತಳಕ್ಕೆ ತಾಗಿಸಿ, ಹೊರತೆಗೆದು ಬೆರಳಿನಿಂದ ಮುಟ್ಟಿ. ಐದಾರು ಸಲ ಮಾಡಿದರೂ ಎಲೆಗಳು ಇಳಿಯುವುದಿಲ್ಲ. ಆಮೇಲೆ ಹೊರಮೈಗೆ ತಾಗಿಸಿ ಹಾಗೆಯೇ ಮಾಡಿ. ಪ್ರತಿ ಸಲವೂ ಕೈಯನ್ನು ಪೂರ್ತಿ ಹಿಂದೆ ತೆಗೆದುಕೊಂಡು ಎಲೆಗಳನ್ನು ನೋಡಿ: ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳುತ್ತಾ ಬರುತ್ತವೆ.