ಮೂರು ಅಡಿ ಹಲಗೆಗಾಗಿ ಅಲೆದದ್ದು

ಮೂರು ಅಡಿ ಉದ್ದ, ಎಂಟು ಅಂಗುಲ ಅಗಲ, ಒಂದು ಅಂಗುಲ ದಪ್ಪದ ನಾಲ್ಕು ಹಲಗೆ. ಅಮ್ಮನ ಹೊಲಿಗೆ ಸಾಮಾನಿಗೆ ಪೆಟ್ಟಿಗೆಯೊಂದನ್ನು ಮಾಡಿಕೊಡಲು ನನಗೆ ಬೇಕಾಗಿದ್ದದ್ದು ಇಷ್ಟೇ. ಒಂದು ಶನಿವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಅಲೆದೆ. ಬಾಗಿಲ ಚೌಕಟ್ಟಿಗೆ, ಕಿಟಕಿಗೆ ಆಗುವ ಏಳೆಂಟು ಅಡಿಯ ತುಂಡುಗಳು ಗೋಡೆಯುದ್ದಕ್ಕೂ ಒರಗಿ ನಿಂತಿದ್ದವು. "ಮನೆ ಕಟ್ಟಿಸುತ್ತಿದ್ದೀರಾ ಸಾರ್?" ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಅವರದು ತಪ್ಪಲ್ಲ. ಅವರ ವ್ಯಾಪಾರ ನಡೆಯುವುದೇ ಮನೆ ಕಟ್ಟುವವರಿಂದ. ಎಂಟು ಅಡಿಯ ತುಂಡಿನಿಂದ ಮೂರು ಅಡಿ ಕತ್ತರಿಸಿ ಕೊಟ್ಟರೆ ಉಳಿದ ಐದು ಅಡಿಯನ್ನು ಯಾರಿಗೆ ಮಾರುವುದು?

ಕೊನೆಗೆ ನಗರದ ಬೇರೊಂದು ಮೂಲೆಯಲ್ಲಿ ತೇಗದ ಹಲಗೆ ಸಿಕ್ಕಿತು. "ಚೆನ್ನಾಗಿ ಒಣಗಿದೆ" ಎಂದು ಹೇಳಿ ಕೊಟ್ಟರು, ನಂಬಿ ತಂದೆ. ಪೆಟ್ಟಿಗೆ ಮುಗಿದ ಎರಡು ತಿಂಗಳಿಗೆ ಮುಚ್ಚಳ ತಿರುಚಿಕೊಂಡು, ಒಂದು ಮೂಲೆ ಕಿರುಬೆರಳು ತೂರುವಷ್ಟು ಮೇಲೆದ್ದಿತು. ಅಮ್ಮ ಇಂದಿಗೂ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮುಚ್ಚುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ.

ದಾರಿ ತೋರಿಸಿದವರು ನಮ್ಮ ಬೀದಿಯ ಹಿರಿಯ ಆಚಾರಿಯವರು. "ಅಂಗಡಿಗೆ ಹೋಗಬೇಡಿ, ಸಾಮಿಲ್ಲಿಗೆ ಹೋಗಿ. ನಿಮಗೆ ಬೇಕಾದ ಅಳತೆ ಅವರಿಗೆ ಉಳಿಕೆ," ಎಂದರು. ಆ ಒಂದು ಮಾತು ನನ್ನ ಹುಡುಕಾಟದ ದಿಕ್ಕನ್ನೇ ಬದಲಿಸಿತು. ದಿಮ್ಮಿಯನ್ನು ಸೀಳುವಾಗ ಗಂಟು ಬಂದದ್ದು, ಉದ್ದ ಸಾಲದ್ದು, ತುದಿಯಲ್ಲಿ ಬಿರಿದದ್ದು ಎಲ್ಲವನ್ನೂ ಮಿಲ್ಲಿನವರು ಒಂದು ಕಡೆ ಗುಡ್ಡೆ ಹಾಕುತ್ತಾರೆ. ಚೌಕಟ್ಟಿಗೆ ಅವು ಬಾರವು. ಪೆಟ್ಟಿಗೆಗೆ, ಮಣೆಗೆ, ಸೌಟಿಗೆ, ಚಿತ್ರದ ಫ್ರೇಮಿಗೆ ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ನನ್ನ ಹೆಂಡತಿಯ ತವರು ಸಾಗರದ ಕಡೆ. ಅಲ್ಲಿನ ಒಂದು ಮಿಲ್ಲಿಗೆ ಮೊದಲ ಸಲ ಹೋದಾಗ ಹಲಸಿನ ದಿಮ್ಮಿಯನ್ನು ಸೀಳುತ್ತಿದ್ದರು. ಬ್ಯಾಂಡ್ ಗರಗಸ ಕೊನೆಯ ಗೇಣನ್ನು ದಾಟಿ, ಹಲಗೆ ಬೇರ್ಪಟ್ಟು ಬಿದ್ದಾಗ ಒಳಗಿನ ಬಣ್ಣ ಅರಿಸಿನವನ್ನು ಅರೆದು ಬಳಿದ ಹಾಗಿತ್ತು. ಮುಟ್ಟಿದರೆ ಕೈಗೆ ತಣ್ಣಗೆ ತೇವ. ಆ ಹಳದಿ ಉಳಿಯುವುದಿಲ್ಲ. ಗಾಳಿ ಬೆಳಕಿಗೆ ತಿಂಗಳುಗಳಲ್ಲಿ ಜೇನಿನ ಬಣ್ಣಕ್ಕೆ, ವರ್ಷಗಳಲ್ಲಿ ಕಂದಿಗೆ ತಿರುಗುತ್ತದೆ. ಮೃದಂಗದ ಒಡಲಿಗೆ ಹಲಸನ್ನೇ ಆರಿಸುತ್ತಾರೆಂದು ಕೇಳಿದ್ದೆನಾದರೂ, ಆ ಮರದ ಗುಣ ನನಗೆ ತಿಳಿದದ್ದು ಮರದ ಮೈ ಹೆರೆದು ನುಣುಪು ಮಾಡುವ ಹತ್ತರಿ ಹಿಡಿದ ಮೇಲೆ. ಎಳೆಗಳು ಅಲ್ಲಲ್ಲಿ ಎದುರುಬದುರಾಗಿ ಓಡುವುದರಿಂದ ಹತ್ತರಿಯ ಅಲಗು ಕ್ಷೌರದ ಕತ್ತಿಯಷ್ಟು ಹರಿತವಾಗಿರಬೇಕು, ಇಲ್ಲವಾದರೆ ಮೇಲ್ಮೈ ಕಿತ್ತು ಬರುತ್ತದೆ.

ಲೆಕ್ಕದ ವಿಷಯವನ್ನು ಮೊದಲೇ ಕಲಿತಿರಬೇಕು. ಮರದ ವ್ಯಾಪಾರ ನಡೆಯುವುದು ಘನ ಅಡಿಯಲ್ಲಿ, ಮಿಲ್ಲಿನಲ್ಲಿ ಸಿ.ಎಫ್.ಟಿ. ಎನ್ನುತ್ತಾರೆ. ಉದ್ದವನ್ನು ಅಡಿಯಲ್ಲಿ, ಅಗಲ ಮತ್ತು ದಪ್ಪವನ್ನು ಅಂಗುಲದಲ್ಲಿ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ನನ್ನ ಹಲಗೆಗೆ 3×8×1, ಅಂದರೆ 24. ಭಾಗಿಸಿದರೆ ಒಂದು ಘನ ಅಡಿಯ ಆರನೇ ಒಂದು ಪಾಲು. ದರ ಘನ ಅಡಿಗೆ 1,800 ರೂಪಾಯಿ ಎಂದರೆ ಹಲಗೆಗೆ 300 ರೂಪಾಯಿ. ಇದು ಬಾಯಲ್ಲಿರಲಿ. ಇನ್ನೊಂದು: ಮುಕ್ಕಾಲು ಅಂಗುಲ ದಪ್ಪದ ಕೆಲಸಕ್ಕೆ ಒಂದು ಅಂಗುಲದ ಒರಟು ಹಲಗೆಯನ್ನೇ ಕೊಳ್ಳಿ. ಒಣಗಿ ಕುಗ್ಗಿ, ಎರಡೂ ಮೈ ಹತ್ತರಿ ಹೊಡೆದ ಮೇಲೆ ಉಳಿಯುವುದು ಅಷ್ಟೇ.

ಈಗ "ಒಣಗಿದೆ" ಎಂಬ ಮಾತನ್ನು ಯಾರಿಂದಲೂ ಕೇಳಿ ಒಪ್ಪುವುದಿಲ್ಲ. ಹಲಗೆಯ ತುದಿಯಿಂದ ಒಂದು ಅಡಿ ಒಳಗಿನಿಂದ ಚಿಕ್ಕ ತುಂಡನ್ನು ಕತ್ತರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗುತ್ತೇನೆ. ತುದಿ ಬೇಗ ಒಣಗುವುದರಿಂದ ಅಲ್ಲಿನ ತುಂಡು ಸುಳ್ಳು ಹೇಳುತ್ತದೆ. ತೂಗಿದ ತುಂಡನ್ನು ಓವನ್ನಿನಲ್ಲಿ ನೂರು ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಮತ್ತೆ ಮತ್ತೆ ತೂಗುತ್ತೇನೆ. ಸಾಗರದ ಮಿಲ್ಲಿನಿಂದ ತಂದ ಹಲಸಿನ ಹಲಗೆಯ ತುಂಡನ್ನು ಎಂಟು ತಿಂಗಳ ನಂತರ ಹೀಗೆ ನೋಡಿದಾಗ 96 ಗ್ರಾಂ ಇದ್ದದ್ದು 82ಕ್ಕೆ ನಿಂತಿತು. ಹೋದ ನೀರು 14 ಗ್ರಾಂ, ಒಣತೂಕದ ಶೇಕಡಾ 17. ಬೆಂಗಳೂರಿನ ಮನೆಯೊಳಗೆ ಇಡುವ ವಸ್ತುವಿಗೆ ನಾನು 12ಕ್ಕಿಂತ ಕೆಳಗೆ ಬರುವವರೆಗೆ ಗರಗಸ ಮುಟ್ಟುವುದಿಲ್ಲ. ಹಾಗಾಗಿ ಹಲಗೆ ಮತ್ತೆ ಅಟ್ಟ ಸೇರಿತು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕ ಮೋಸ ಮಾಡಿಲ್ಲ. ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿಗಳನ್ನು ನೇರ ಸಾಲಿನಲ್ಲಿ ಇಟ್ಟು, ತುದಿಗಳಿಗೆ ಕರಗಿಸಿದ ಮೇಣ ಬಳಿದು, ಮೇಲೆ ಭಾರ ಹೇರಿದರೆ ಬಿರುಕೂ ಕಡಿಮೆ, ತಿರುಚುವುದೂ ಕಡಿಮೆ.

ಹೆಸರಿನ ವಿಷಯದಲ್ಲಿ ಎಚ್ಚರವಿರಲಿ. ಯಾರಾದರೂ ಹೊಸ ದಿಮ್ಮಿ ತೋರಿಸಿ "ಬರ್ಮಾ ತೇಗ" ಎಂದರೆ ನಾನು ಮುಂದಕ್ಕೆ ನಡೆಯುತ್ತೇನೆ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದಲೇ ದಿಮ್ಮಿಗಳ ರಫ್ತನ್ನು ನಿಲ್ಲಿಸಿದೆ. ನಿಜವಾದ ಹಳೆಯ ಬರ್ಮಾ ತೇಗ ಬೇಕಿದ್ದರೆ ಒಡೆಯುತ್ತಿರುವ ಹಳೆಯ ಮನೆಗಳಲ್ಲಿ ನೋಡಬೇಕು. ಮನೆ ಒಡೆಯುವ ಗುತ್ತಿಗೆದಾರರ ಬಳಿ ತೇಗವಲ್ಲದೆ ಹೊನ್ನೆ, ಮತ್ತಿ ಮರಗಳ ತೊಲೆ, ಚೌಕಟ್ಟುಗಳೂ ನನಗೆ ಸಿಕ್ಕಿವೆ. ದಶಕಗಳ ಕಾಲ ಒಣಗಿದ ಮರ ಅದು, ಇನ್ನು ತಿರುಚುವುದು ಕಡಿಮೆ. ಅಯಸ್ಕಾಂತವನ್ನು ಮೈಮೇಲೆಲ್ಲ ಆಡಿಸಿ ಮೊಳೆಗಳನ್ನು ಹುಡುಕಿ ತೆಗೆಯದೆ ಮಾತ್ರ ಗರಗಸ ಇಡಬೇಡಿ. ಮರ ಯಾವುದೆಂದು ತಿಳಿಯದಿದ್ದರೆ ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡನ್ನು ನೋಡಿ ಜಾತಿ ಗುರುತಿಸುವ ತಜ್ಞರಿದ್ದಾರೆ.

ದಾಂಡೇಲಿಯ ಅರಣ್ಯ ಇಲಾಖೆಯ ನಾಟಾ ಡಿಪೊದ ಬಗ್ಗೆ ಹಲವರು ಕೇಳುತ್ತಾರೆ. ಮರ ಒಳ್ಳೆಯದು, ಆದರೆ ಹರಾಜಿನಲ್ಲಿ ದಿಮ್ಮಿಗಳ ಲಾಟನ್ನೇ, ಅಂದರೆ ಇಡೀ ರಾಶಿಯನ್ನೇ ಕೊಳ್ಳಬೇಕು. ನಾಲ್ಕಾರು ಜನ ಸೇರಿ ಕೊಂಡರೆ ಸರಿಹೋದೀತು.

ಬೀಟೆ ಮರದ ಆಸೆ ನನಗೂ ಇತ್ತು. ಆ ನೇರಳೆ ಗೆರೆಗಳನ್ನು ಕಂಡವರು ಯಾರು ಬಿಟ್ಟಾರು? ಆದರೆ ತೋಟದ ಬೀಟೆಯಾದರೂ ಕಡಿಯಲು ಅನುಮತಿ, ಸಾಗಿಸಲು ಪಾಸ್ ಬೇಕೇ ಬೇಕು. ಒಮ್ಮೆ ಒಬ್ಬರು ಕಾಗದವಿಲ್ಲದೆ ಕಡಿಮೆ ಬೆಲೆಗೆ ಕೊಡಲು ಬಂದಾಗ ವಾಪಸ್ ಕಳಿಸಿದೆ. ಕಾಡು ಕಳೆದುಕೊಂಡ ಮರದಿಂದ ಪೆಟ್ಟಿಗೆ ಮಾಡಿ ಮನೆಯಲ್ಲಿಡಲು ನನ್ನಿಂದಾಗದು. ಯಾವ ಮರ ತಂದರೂ ಬಿಲ್ಲನ್ನು ಕೇಳಿ ಪಡೆದು, ಹಲಗೆಯ ಹಿಂಬದಿಗೆ ಅದರ ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ.

ಮಿಲ್ಲಿನವರ ಜೊತೆ ನಂಟು ಬೆಳೆಯಲು ಸಮಯ ಹಿಡಿಯಿತು. ಗರಗಸ ಓಡುವಾಗ ಮಾತಿಗೆ ನಿಲ್ಲುವುದಿಲ್ಲ, ಊಟದ ಬಿಡುವಿಗೆ ಕಾಯುತ್ತೇನೆ. ಬೇಕಾದ ಅಳತೆಗಳ ಪಟ್ಟಿ ಜೇಬಿನಲ್ಲಿರುತ್ತದೆ. ಗುಡ್ಡೆಯನ್ನು ಕೆದಕಿದರೆ ಮತ್ತೆ ಮೊದಲಿನಂತೆ ಜೋಡಿಸಿಟ್ಟು ಬರುತ್ತೇನೆ. ಎರಡನೇ ವರ್ಷ ಅವರ ಉಳಿಕೆಯಿಂದಲೇ ಮಾಡಿದ ಹಲಸಿನ ಮಣೆಯೊಂದನ್ನು ಒಯ್ದು ಕೊಟ್ಟೆ. ಗರಗಸ ನಡೆಸುವವರು ಅದನ್ನು ತಿರುಗಿಸಿ, ಹಿಂಬದಿಯ ಗಂಟಿನ ಮೇಲೆ ಹೆಬ್ಬೆರಳನ್ನು ಆಡಿಸುತ್ತ, "ಇದು ಒಲೆಗೆ ಹೋಗಬೇಕಾಗಿತ್ತು," ಎಂದರು.

ಕಳೆದ ವಾರ ಅವರೇ ಫೋನ್ ಮಾಡಿದ್ದರು. "ಸಾರ್, ಶಿವನೆ ಮರ ಬಂದಿದೆ. ನಾಲ್ಕು ಅಡಿಯ ತುಂಡುಗಳು. ತೆಗೆದಿಡಲೇ?" ತೆಗೆದಿಡಿ ಎಂದಿದ್ದೇನೆ. ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಆಗಿದೆ. ಅಮ್ಮನ ಪೆಟ್ಟಿಗೆಗೆ ಹೊಸ ಮುಚ್ಚಳ ಅದರಿಂದಲೇ ಆಗಬೇಕು, ಒಣಗಿದ ಮೇಲೆ.