ಸ್ಪೇನಿನ ಕಡಲಂಚಿನಲ್ಲಿ ಕಾರು: ಓಡಿಸುವುದು ಸುಲಭ, ನಿಲ್ಲಿಸುವುದೇ ವಿದ್ಯೆ

ಊಟ ಮುಗಿಸಿ ಬಂದಾಗ ನಾವು ಕಾರು ನಿಲ್ಲಿಸಿದ್ದ ಜಾಗದಲ್ಲಿ ಕಾರು ಇರಲಿಲ್ಲ. ರಸ್ತೆಯಂಚಿನ ಕಲ್ಲಿಗೆ ತ್ರಿಕೋನಾಕಾರದ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ ನಮ್ಮ ಕಾರಿನ ನಂಬರು, ಕೆಳಗೊಂದು ದೂರವಾಣಿ ಸಂಖ್ಯೆ. ಮೈಸೂರಿನಿಂದ ಬಂದಿದ್ದ ಅಪ್ಪ ಬಗ್ಗಿ ಅದನ್ನು ನೋಡಿ, "ಈ ಊರಿನ ಕಳ್ಳರು ರಸೀದಿ ಬೇರೆ ಬಿಟ್ಟು ಹೋಗುತ್ತಾರೆಯೇ?" ಎಂದು ಕೇಳಿದರು.

ಕಳ್ಳರಲ್ಲ, ಊರಿನ ಟೋಯಿಂಗ್ ಲಾರಿ. ಸ್ಪ್ಯಾನಿಷಿನಲ್ಲಿ ಅದಕ್ಕೆ 'ಗ್ರೂವಾ' ಎನ್ನುತ್ತಾರೆ. ನಾನು ಕಾರು ನಿಲ್ಲಿಸಿದ್ದು ಒಂದು ಗೇಟಿನ ಮುಂದೆ. ಅದರ ಪಕ್ಕದ ಫಲಕ ಬೋಗನ್‌ವಿಲ್ಲಾ ಕೊಂಬೆಯ ಹಿಂದೆ ಮುಕ್ಕಾಲು ಮುಚ್ಚಿಹೋಗಿತ್ತು. ಕಂಡಷ್ಟು ಭಾಗದಲ್ಲಿ 'ಪೆರ್ಮನೆಂತೆ' ಎಂದಿತ್ತು. ಮನೆಯ ಹೆಸರಿರಬೇಕು ಎಂದುಕೊಂಡೆ. 'ವಾದೊ ಪೆರ್ಮನೆಂತೆ' ಎಂದರೆ ಇದು ವಾಹನ ಹೋಗಿಬರುವ ಬಾಗಿಲು, ಇಪ್ಪತ್ನಾಲ್ಕು ಗಂಟೆಯೂ ಇಲ್ಲಿ ನಿಲ್ಲಿಸಬಾರದು ಎಂದರ್ಥ. ಆ ಫಲಕಕ್ಕಾಗಿ ಮನೆಯವರು ನಗರಸಭೆಗೆ ಶುಲ್ಕ ಕಟ್ಟಿರುತ್ತಾರೆ. ಹಾಗಾಗಿ ಫೋನ್ ಮಾಡಲು ಹಿಂದೆಮುಂದೆ ನೋಡುವುದಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿ ಅಲ್ಲಿಂದ ಹಲವು ಬಾರಿ ಸ್ಪೇನಿನ ಕರಾವಳಿಗೆ ಹೋಗಿಬಂದ ಮೇಲೆ ನನಗೆ ಅನಿಸಿರುವುದು ಇಷ್ಟು: ಅಲ್ಲಿನ ರಸ್ತೆಗಳು ನುಣುಪು, ಚಾಲಕರು ಶಿಸ್ತಿನವರು, ಹಾರ್ನಿನ ಗದ್ದಲ ಕಡಿಮೆ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಪಳಗಿದವರಿಗೆ ಓಡಿಸುವುದು ಒಂದು ಲೆಕ್ಕವೇ ಅಲ್ಲ. ತೊಂದರೆ ಶುರುವಾಗುವುದು ನಿಲ್ಲಿಸಬೇಕಾದಾಗ, ತಿರುಗಿಸಬೇಕಾದಾಗ ಮತ್ತು ಹಣ ಕಟ್ಟಬೇಕಾದಾಗ.

ಮೊದಲು ಕಾಗದಪತ್ರ. ಬ್ರಿಟನ್ನಿನ ಅಥವಾ ಐರೋಪ್ಯ ಒಕ್ಕೂಟದ ದೇಶಗಳ ಚಾಲನಾ ಪರವಾನಗಿ ಇರುವವರು ಪ್ರವಾಸಕ್ಕೆ ಹೋದಾಗ ಅದೇ ಸಾಕು. ಭಾರತದ ಪರವಾನಗಿ ಮಾತ್ರ ಇರುವವರು ಊರಿನ ಆರ್‌ಟಿಒ ಮೂಲಕ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಮಾಡಿಸಿಕೊಂಡೇ ಹೊರಡಬೇಕು. ಒಂದು ವರ್ಷ ನಡೆಯುತ್ತದೆ. ಆದರೆ ಐಡಿಪಿ ಒಂದೇ ತೋರಿಸಿದರೆ ಆಗುವುದಿಲ್ಲ, ಮೂಲ ಪರವಾನಗಿಯೂ ಕೈಯಲ್ಲಿರಬೇಕು. ಇನ್ನೊಂದು ಮಾತು, ಲಂಡನ್ನಿನಲ್ಲಿ ಎಷ್ಟು ವರ್ಷ ಇದ್ದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸ್ಪೇನಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಬೇಸಿಗೆ ರಜೆಗೆ ವೀಸಾ ಸಂದರ್ಶನದ ದಿನ ಸಿಗುವುದು ಕಷ್ಟ. ಕಾರಿಗಿಂತ ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಿ.

ಬಾಡಿಗೆ ಕಾರಿನ ಕೌಂಟರಿನಲ್ಲಿ ನಿಮ್ಮ ತಾಳ್ಮೆಯ ಪರೀಕ್ಷೆ ನಡೆಯುತ್ತದೆ. ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಕೇಳುವುದು ಸಾಮಾನ್ಯ. ಗಂಡನ ಹೆಸರಿನ ಕಾರ್ಡು, ಹೆಂಡತಿಯ ಹೆಸರಿನ ಬುಕಿಂಗ್ ಎಂದಾದರೆ ಅಲ್ಲಿಯೇ ರಗಳೆ. 'ಫ್ರಾಂಕೀಸಿಯಾ' ಎಂಬ ಪದ ಕಿವಿಗೆ ಬಿದ್ದರೆ ಎಚ್ಚರವಾಗಿ: ಕಾರಿಗೆ ಪೆಟ್ಟಾದಾಗ ವಿಮೆ ಶುರುವಾಗುವ ಮೊದಲು ನಿಮ್ಮ ಜೇಬಿನಿಂದ ಹೋಗುವ ಮೊತ್ತ ಅದು. ಅದನ್ನು ಸೊನ್ನೆ ಮಾಡುತ್ತೇವೆಂದು ಕೌಂಟರಿನವರು ದಿನಕ್ಕಿಷ್ಟು ಎಂದು ಕೇಳುತ್ತಾರೆ. ಊರಿನಿಂದ ಹೊರಡುವ ಮೊದಲೇ ಬೇರೆ ವಿಮಾ ಸಂಸ್ಥೆಯಿಂದ ಅದಕ್ಕೆ ರಕ್ಷಣೆ ಕೊಂಡರೆ ಸಾಮಾನ್ಯವಾಗಿ ಅಗ್ಗ. ಪೆಟ್ರೋಲಿನ ವಿಷಯದಲ್ಲಿ, ತುಂಬಿದ ಟ್ಯಾಂಕ್ ಪಡೆದು ತುಂಬಿಸಿಯೇ ಹಿಂದಿರುಗಿಸುವ ಕರಾರನ್ನಷ್ಟೇ ಒಪ್ಪಿಕೊಳ್ಳಿ. ಗೇರ್ ಇರುವ ಕಾರೇ ಅಲ್ಲಿನ ರೂಢಿ. ಭಾರತದಿಂದಾಗಲಿ ಬ್ರಿಟನ್ನಿನಿಂದಾಗಲಿ ಹೋದವರಿಗೆ ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಗೈಗೆ ಬಂದುಬಿಡುತ್ತದೆ. ಮೊದಲ ದಿನ ನಾನು ಗೇರ್ ಬದಲಿಸಲು ಹೋಗಿ ಎಡಗೈಯಿಂದ ಬಾಗಿಲಿನ ಹಿಡಿ ತಡಕುತ್ತಿದ್ದೆ. ಸ್ವಲ್ಪ ಹೆಚ್ಚು ಕೊಟ್ಟು ಆಟೊಮ್ಯಾಟಿಕ್ ತೆಗೆದುಕೊಳ್ಳುವುದು ಜಾಣತನ.

ಕೀಲಿ ಕೈಗೆ ಬಂದ ಮೇಲೆ ಕಾರಿನ ನಾಲ್ಕೂ ಕಡೆ ವಿಡಿಯೊ ಮಾಡಿಕೊಳ್ಳಿ, ಚಕ್ರದ ಅಂಚನ್ನೂ ಬಿಡಬೇಡಿ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ವಿ-16 ಎಂಬ ಸಣ್ಣ ಎಚ್ಚರಿಕೆ ದೀಪ ಇದೆಯೇ ನೋಡಿ. ಸ್ಪೇನಿನಲ್ಲಿ ನೋಂದಣಿಯಾದ ಎಲ್ಲ ಕಾರುಗಳಿಗೂ 2026ರ ಜನವರಿ 1ರಿಂದ ಅದು ಕಡ್ಡಾಯ. ಗಾಡಿ ಕೆಟ್ಟರೆ ಕೆಳಗಿಳಿಯದೆ ಕಿಟಕಿಯಿಂದಲೇ ಕೈ ಚಾಚಿ ಚಾವಣಿಯ ಮೇಲಿಡಬೇಕು, ಆಯಸ್ಕಾಂತ ಹಿಡಿದುಕೊಳ್ಳುತ್ತದೆ. ಕೆಳಗಿಳಿಯಲೇಬೇಕಾದರೆ ಹೊಳೆಯುವ ಜಾಕೆಟ್ ತೊಟ್ಟು ಇಳಿಯಬೇಕು. 135 ಸೆಂಟಿಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಹಿಂದಿನ ಸೀಟು, ಅದರಲ್ಲೂ ಮಕ್ಕಳ ಸೀಟೇ ಆಗಬೇಕು. ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ರಸ್ತೆಯ ಹೆಸರನ್ನು ನೋಡಿದರೆ ಅದರ ಸ್ವಭಾವ ಗೊತ್ತಾಗುತ್ತದೆ. 'ಎ' ಎಂದು ಶುರುವಾದರೆ ಸಾಮಾನ್ಯವಾಗಿ ಸುಂಕವಿಲ್ಲದ ಹೆದ್ದಾರಿ, 'ಎಪಿ' ಎಂದಿದ್ದರೆ ಟೋಲ್ ಇರಬಹುದು. ಇರಬಹುದು ಎಂದು ಯಾಕೆ ಹೇಳಿದೆನೆಂದರೆ, ಮೆಡಿಟರೇನಿಯನ್ ಕಡಲಗುಂಟ ಹೋಗುವ ಎಪಿ-7ರಲ್ಲಿ ತಾರಗೋನಾದಿಂದ ಆಲಿಕಾಂತೆಯವರೆಗೆ 2020ರ ಜನವರಿಯಿಂದ, ತಾರಗೋನಾದಿಂದ ಫ್ರಾನ್ಸ್ ಗಡಿಯವರೆಗೆ 2021ರ ಸೆಪ್ಟೆಂಬರಿನಿಂದ ಟೋಲ್ ಎತ್ತಿಹಾಕಿದ್ದಾರೆ. ಹೆಸರು ಮಾತ್ರ ಹಳೆಯದೇ ಉಳಿದಿದೆ. ದಕ್ಷಿಣದಲ್ಲಿ ಮಾಲಗಾದಿಂದ ಮಾರ್ಬೆಯಾ, ಎಸ್ತೆಪೋನಾ ಕಡೆಗೆ ಹೋಗುವ ಎಪಿ-7ಕ್ಕೆ ಈಗಲೂ ಟೋಲ್ ಉಂಟು, ಬೇಸಿಗೆಯಲ್ಲಿ ಇನ್ನೂ ದುಬಾರಿ. ಅದರ ಪಕ್ಕದಲ್ಲೇ ಎ-7 ಪುಕ್ಕಟೆ. ಆದರೆ ಹಳೆಯ ರಸ್ತೆಯನ್ನೇ ಅಗಲ ಮಾಡಿ ಹೆದ್ದಾರಿ ಮಾಡಿರುವುದರಿಂದ ಫುವೆಂಹಿರೋಲಾ ದಾಟಿದ ಮೇಲೆ ಒಳಬರುವ ಕವಲುಗಳು ಮೊಣಕೈಯಷ್ಟು ಉದ್ದ. ನಿಂತ ಕಾರೊಂದು ದಿಢೀರನೆ ನಿಮ್ಮ ಮುಂದೆ ನುಗ್ಗುತ್ತದೆ. ಬಲಗಡೆಯ ಲೇನಿನಲ್ಲಿ ಹೋಗುವಾಗ ಎಚ್ಚರವಿರಲಿ. ಹಿರಿಯರು ಜೊತೆಗಿದ್ದರೆ ನಾನು ಟೋಲ್ ಕೊಟ್ಟು ಎಪಿ-7 ಹಿಡಿಯುತ್ತೇನೆ.

ವೇಗದ ಮಿತಿ ಹೆದ್ದಾರಿಯಲ್ಲಿ 120, ಮಾಮೂಲಿ ರಸ್ತೆಯಲ್ಲಿ 90. ಊರೊಳಗಿನ ನಿಯಮ 2021ರ ಮೇ ತಿಂಗಳಲ್ಲಿ ಬದಲಾಗಿದೆ: ಎರಡೂ ದಿಕ್ಕಿಗೆ ಒಂದೊಂದೇ ಲೇನ್ ಇರುವ ಬೀದಿಯಲ್ಲಿ 30, ಅದಕ್ಕಿಂತ ಅಗಲವಾದಲ್ಲಿ 50, ಕಾಲುದಾರಿಗೂ ರಸ್ತೆಗೂ ಎತ್ತರದ ವ್ಯತ್ಯಾಸವೇ ಇಲ್ಲದ ಗಲ್ಲಿಯಲ್ಲಿ 20. ಫೋನ್ ಕೈಯಲ್ಲಿ ಹಿಡಿದು ಸಿಕ್ಕಿಬಿದ್ದರೆ 200 ಯೂರೊ ದಂಡ. ಸೈಕಲ್ ಸವಾರರನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು. ಕರಾವಳಿಯ ಘಾಟಿಗಳಲ್ಲಿ ಅವರು ಗುಂಪು ಗುಂಪಾಗಿ ಬರುತ್ತಾರೆ.

ಇನ್ನು ತಿರುಗುವ ವಿಷಯ. ಗಾಡಿಗಳು ರಸ್ತೆಯ ಬಲಬದಿಯಲ್ಲಿ ಹೋಗುವುದರಿಂದ ಸರ್ಕಲ್ಲುಗಳಲ್ಲಿ ಅಪ್ರದಕ್ಷಿಣೆ! ಅಮ್ಮ ಮೊದಲ ಸರ್ಕಲ್ಲಿನಲ್ಲೇ ಆಕ್ಷೇಪಿಸಿದರು. ಒಳಗೆ ಈಗಾಗಲೇ ಸುತ್ತುತ್ತಿರುವವರಿಗೆ ಮೊದಲ ಹಕ್ಕು. ಅವರು ನಿಮ್ಮ ಎಡಗಡೆಯಿಂದ ಬರುತ್ತಾರೆ. ಹೊರಬೀಳಬೇಕಾದರೆ ಹೊರಗಿನ ಲೇನಿನಲ್ಲಿಯೇ ಇರಬೇಕು, ಒಳಲೇನಿನಿಂದ ಅಡ್ಡ ಕತ್ತರಿಸಿ ಹೊರಬರುವುದು ತಪ್ಪು. ದಾರಿ ತಪ್ಪಿತೇ, ಇನ್ನೊಂದು ಸುತ್ತು ಹಾಕಿ, ಯಾರೂ ಏನೂ ಅನ್ನುವುದಿಲ್ಲ. ಊರ ಹೊರಗಿನ ರಸ್ತೆಯಲ್ಲಿ ಎಡಕ್ಕೆ ತಿರುಗುವುದು ಇದಕ್ಕಿಂತ ವಿಚಿತ್ರ. ಕೆಲವು ಕಡೆ ಎಡಕ್ಕೆ ಹೋಗಬೇಕಾದವರನ್ನು ಮೊದಲು ಬಲಕ್ಕೆ ಇಳಿಸಿ, ಅರ್ಧಚಂದ್ರಾಕಾರದ ಕವಲಿನಲ್ಲಿ ಸುತ್ತಿಸಿ, ರಸ್ತೆಗೆ ಅಡ್ಡಲಾಗಿ ತಂದು ನಿಲ್ಲಿಸುತ್ತಾರೆ. ಅಲ್ಲಿಂದ ಎರಡೂ ಕಡೆ ನೋಡಿ ದಾಟಬೇಕು. ಹೆದ್ದಾರಿಯಲ್ಲಿ ಹಿಂದಿರುಗಲು 'ಕಾಂಬಿಯೊ ದೆ ಸೆಂತೀದೊ' ಎಂಬ ಫಲಕ ಬರುವ ತನಕ ಮುಂದೆ ಹೋಗಲೇಬೇಕು. ಮಧ್ಯದ ಬಿಳಿಗೆರೆ ತುಂಡಾಗಿಲ್ಲದಿದ್ದರೆ ಅದನ್ನು ಗೋಡೆಯೆಂದೇ ತಿಳಿಯಿರಿ.

ಪಾರ್ಕಿಂಗ್ ಬಣ್ಣಗಳಲ್ಲಿ ಬರೆದ ಒಂದು ಭಾಷೆ. ಅಂಚಿನಲ್ಲಿ ಹಳದಿ ಗೆರೆ ಉದ್ದಕ್ಕೂ ಇದ್ದರೆ ಅರೆಕ್ಷಣವೂ ನಿಲ್ಲುವಂತಿಲ್ಲ. ಹಳದಿ ತುಂಡು ಗೆರೆಯಿದ್ದರೆ ಜನರನ್ನು ಇಳಿಸಿ ಹೊರಡಬಹುದು. ನೀಲಿ ಗೆರೆಯೆಂದರೆ 'ಸೋನಾ ಅಸುಲ್', ಹಣ ಕಟ್ಟಿ ಇಂತಿಷ್ಟು ಹೊತ್ತು ನಿಲ್ಲಿಸುವ ಜಾಗ. ಬಾರ್ಸಿಲೋನಾದಂಥ ಊರುಗಳಲ್ಲಿ ಹಸಿರು ಗೆರೆ ಸ್ಥಳೀಯ ನಿವಾಸಿಗಳಿಗೆ ಆದ್ಯತೆ ಇರುವ ಜಾಗ. ಬಿಳಿ ಗೆರೆ ಸಾಮಾನ್ಯವಾಗಿ ಪುಕ್ಕಟೆ. ನೀಲಿ ವಲಯದ ಯಂತ್ರ 'ಮತ್ರೀಕುಲಾ' ಎಂದು ಕೇಳಿದರೆ ಕಾರಿನ ನಂಬರು ಒತ್ತಿ. ಬಹಳ ಊರುಗಳಲ್ಲಿ ಮಧ್ಯಾಹ್ನ ಎರಡರಿಂದ ಸಂಜೆ ಐದರ ಆಸುಪಾಸಿನವರೆಗೆ ಯಂತ್ರಕ್ಕೂ ಊಟದ ವಿರಾಮ, ಹಣ ಬೇಡ. ವೇಳೆ ಫಲಕದಲ್ಲಿ ಬರೆದಿರುತ್ತದೆ. ಓದದೆ ಹಣ ಹಾಕುವವರು ನಮ್ಮಂಥ ಪ್ರವಾಸಿಗರು ಮಾತ್ರ.

ಸಣ್ಣ ಊರುಗಳಲ್ಲಿ ಇನ್ನೊಂದು ಕಣ್ಕಟ್ಟು ಇದೆ. ಪಾರ್ಕಿಂಗ್ ನಿಷೇಧದ ಫಲಕದಲ್ಲಿ 1-15 ಅಥವಾ 16-31 ಎಂದಿದ್ದರೆ, ತಿಂಗಳ ಮೊದಲ ಪಕ್ಷದಲ್ಲಿ ರಸ್ತೆಯ ಒಂದು ಬದಿ, ಎರಡನೆಯ ಪಕ್ಷದಲ್ಲಿ ಇನ್ನೊಂದು ಬದಿ ನಿಷಿದ್ಧ. ಶುಕ್ಲಪಕ್ಷ, ಕೃಷ್ಣಪಕ್ಷ ಎಂದು ಅಪ್ಪ ನೆನಪಿಟ್ಟುಕೊಂಡರು. ಮರಕ್ಕೆ ಅಂಟಿಸಿದ ಕಾಗದದ ನೋಟೀಸನ್ನೂ ಕಡೆಗಣಿಸಬೇಡಿ: ನಾಳೆ ಆ ಬೀದಿಯಲ್ಲಿ ಸಂತೆಯೋ ಊರಹಬ್ಬವೋ ಇರಬಹುದು, ಬೆಳಗಾಗುವಷ್ಟರಲ್ಲಿ ಗ್ರೂವಾ ಬಂದಿರುತ್ತದೆ. ಬ್ರಿಟನ್ನಿನಲ್ಲಿ ಮಾಡುವಂತೆ ಎದುರು ದಿಕ್ಕಿಗೆ ಮುಖಮಾಡಿ ನಿಲ್ಲಿಸುವುದೂ ಇಲ್ಲಿ ತಪ್ಪು. ಗೊಂದಲವೇ ಬೇಡವೆಂದರೆ ನೆಲಮಾಳಿಗೆಯ ಪಾರ್ಕಿಂಗಿಗೆ ಹೋಗಿ. ಬಾಗಿಲಲ್ಲಿ 'ಲೀಬ್ರೆ' ಎಂದರೆ ಜಾಗವಿದೆ, 'ಕೊಂಪ್ಲೇತೊ' ಎಂದರೆ ಭರ್ತಿ. ಚೀಟಿಯನ್ನು ಜೊತೆಗಿಟ್ಟುಕೊಂಡು, ಕಾರು ಹತ್ತುವ ಮೊದಲು ಯಂತ್ರದಲ್ಲಿ ಹಣ ಕಟ್ಟಿ. ದಕ್ಷಿಣದ ಊರುಗಳ ಬಯಲು ಪಾರ್ಕಿಂಗುಗಳಲ್ಲಿ ಕೈಬೀಸಿ ಜಾಗ ತೋರಿಸುವವರು ಸಿಗುತ್ತಾರೆ. ಅವರಿಗೆ 'ಗೊರ್ರೀಯಾ' ಎಂಬ ಹೆಸರು. ನಗರಸಭೆಗೂ ಅವರಿಗೂ ಸಂಬಂಧವಿಲ್ಲ, ಕೊಡಲೇಬೇಕೆಂದೂ ಇಲ್ಲ. ನಾನು ಚಿಲ್ಲರೆ ಇದ್ದರೆ ಕೊಡುತ್ತೇನೆ. ನಮ್ಮೂರಲ್ಲೂ ಕೊಟ್ಟಿದ್ದೇವಲ್ಲ.

ದಂಡ ಬಿದ್ದರೆ ವಾದಿಸುವುದಕ್ಕಿಂತ ಬೇಗ ಕಟ್ಟುವುದು ಲಾಭ: 20 ದಿನಗಳೊಳಗೆ ಕಟ್ಟಿದರೆ ಅರ್ಧ ಮಾತ್ರ. ಹೆದ್ದಾರಿಯಲ್ಲಿ ಗ್ವಾರ್ದಿಯಾ ಸಿವಿಲ್ ಪೊಲೀಸರು ನಿಲ್ಲಿಸಿದರೆ, ಸ್ಪೇನಿನ ನಿವಾಸಿಯಲ್ಲದವರು ಅದೇ ರಿಯಾಯಿತಿಯಲ್ಲಿ ಸ್ಥಳದಲ್ಲೇ ಕಟ್ಟಬೇಕಾಗುತ್ತದೆ. ಇಲ್ಲವಾದರೆ ಕಾರನ್ನು ಅಲ್ಲೇ ತಡೆಹಿಡಿಯಬಹುದು. ಕ್ಯಾಮೆರಾಕ್ಕೆ ಸಿಕ್ಕರೆ ನೋಟೀಸು ಬಾಡಿಗೆ ಸಂಸ್ಥೆಗೆ ಹೋಗುತ್ತದೆ. ನಿಮ್ಮ ಹೆಸರು ಒಪ್ಪಿಸಿದ್ದಕ್ಕೇ ಅವರು ಒಂದು ಶುಲ್ಕ ಮುರಿದುಕೊಳ್ಳುತ್ತಾರೆ, ದಂಡ ಆಮೇಲೆ ಬೇರೆ ಬರುತ್ತದೆ. ಬಾರ್ಸಿಲೋನಾ ಇರುವ ಕಟಲೋನಿಯಾ ಪ್ರಾಂತ್ಯದಲ್ಲಿ ಈ ಕೆಲಸ ಮೊಸ್ಸೊಸ್ ದೆಸ್ಕ್ವಾದ್ರಾ ಎಂಬ ಅಲ್ಲಿನದೇ ಪೊಲೀಸರದು. ಫಲಕಗಳೂ ಕಟಲಾನ್ ಭಾಷೆಯಲ್ಲಿ: ನಿರ್ಗಮನಕ್ಕೆ 'ಸಲೀದಾ' ಬದಲು 'ಸೊರ್ತೀದಾ', ನನ್ನ ವೈರಿ ವಾದೊ ಅಲ್ಲಿ 'ಗ್ವಾಲ್'.

ಜರ್ಮನಿ, ನೆದರ್ಲೆಂಡ್ಸ್‌ನಿಂದ ಸ್ವಂತ ಕಾರಿನಲ್ಲಿ ಬರುವ ಕನ್ನಡಿಗರು ಬಾರ್ಸಿಲೋನಾದ ಕಡಿಮೆ ಹೊಗೆ ವಲಯವನ್ನು, ಅಂದರೆ ಹೆಚ್ಚು ಹೊಗೆಯುಗುಳುವ ಗಾಡಿಗಳಿಗೆ ನಿರ್ಬಂಧವಿರುವ ಪ್ರದೇಶವನ್ನು, ನೆನಪಿಡಬೇಕು. ಹೊರದೇಶದ ನಂಬರಿನ ಕಾರು ಅದರೊಳಗೆ ಹೋಗುವ ಮುನ್ನ ಆನ್‌ಲೈನಿನಲ್ಲಿ ನೋಂದಾಯಿಸಿರಬೇಕು. ಫ್ರಾನ್ಸ್ ಗಡಿಯಿಂದ ಬಾರ್ಸಿಲೋನಾ ತನಕದ ಹೆದ್ದಾರಿಯಲ್ಲಿ ಪಕ್ಕದ ಕಾರಿನವರು ನಿಮ್ಮ ಟೈರ್ ತೋರಿಸಿ ಕೈಸನ್ನೆ ಮಾಡಿದರೆ ಅಂಚಿಗೆ ನಿಲ್ಲಿಸಬೇಡಿ. ಒಬ್ಬ ಟೈರ್ ತೋರಿಸುತ್ತಿರುವಾಗ ಇನ್ನೊಬ್ಬ ಬ್ಯಾಗು ಎತ್ತುವ ಹಳೆಯ ವಂಚನೆ ಅದು. ಮುಂದಿನ ಪೆಟ್ರೋಲ್ ಬಂಕಿಗೆ ಹೋಗಿ, ಬಾಗಿಲುಗಳಿಗೆ ಲಾಕ್ ಹಾಕಿ ನೋಡಿಕೊಳ್ಳಿ. ತುರ್ತು ಸಂಖ್ಯೆ 112.

ಬಂಕ್ ಎಂದಾಗ ನೆನಪಾಯಿತು. ಸ್ಪ್ಯಾನಿಷಿನಲ್ಲಿ ಎರಡು ಎಲ್ ಒಟ್ಟಿಗೆ ಬಂದರೆ ಉಚ್ಚಾರ ಬಹುತೇಕ 'ಯ'. ಹಾಗಾಗಿ ಟ್ಯಾಂಕ್ ಭರ್ತಿ ಮಾಡಿ ಎನ್ನಲು ಹೇಳಬೇಕಾದ ಪದ 'ಯೇನೊ'. ಬಂಕಿನಲ್ಲಿ ಪೆಟ್ರೋಲ್ ಹಾಕುವ ಅಷ್ಟು ವಯಸ್ಸಾದವರನ್ನು "ಏನೋ" ಎಂದು ಕರೆಯುವುದು ಹೇಗೆಂದು ಅಪ್ಪ ಸಂಕೋಚಪಟ್ಟು, ಕೊನೆಗೆ "ಯೇನೊ, ಸೆನ್ಯೋರ್" ಎಂದು ಗೌರವ ಸೇರಿಸಿದರು. ಪೆಟ್ರೋಲಿಗೆ 'ಗಸೊಲೀನಾ', ಡೀಸೆಲಿಗೆ 'ಗಸೋಲಿಯೊ'. ಎರಡೂ ಗ್ಯಾಸ್ ಎಂದೇ ಶುರುವಾಗುತ್ತವೆ, ಯಾಮಾರಬೇಡಿ. ಪೆಟ್ರೋಲಿನ ಗುರುತು ವೃತ್ತ, ಡೀಸೆಲಿನದು ಚೌಕ.

ಸಸ್ಯಾಹಾರಿಗಳು ಹಸಿದಾಗ ಊಟ ಹುಡುಕಬಾರದು, ಊಟದ ವೇಳೆಗೆ ಹಸಿಯಬೇಕು: ಮಧ್ಯಾಹ್ನ ಎರಡರಿಂದ ನಾಲ್ಕು, ರಾತ್ರಿ ಎಂಟೂವರೆಯ ನಂತರ. 'ಎನ್ಸಲಾದಾ ಮಿಸ್ತಾ' ಎಂಬ ಸಲಾಡಿನ ಮೇಲೆ ಹೇಳದೆ ಕೇಳದೆ ಮೀನು ಬರುತ್ತದೆ. 'ಸಿನ್ ಅತೂನ್' ಎಂದು ಮೊದಲೇ ಹೇಳಿ. ತಣ್ಣನೆಯ ಟೊಮೆಟೊ ಸಾರಿನಂಥ ಸಾಲ್ಮೊರೆಹೊ ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ; 'ಸಿನ್ ಹಮೋನ್' ಎನ್ನಿ. ಮಾಲಗಾ ಕಡೆ ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ ಕರಿದು ಮೇಲೆ 'ಮಿಯೆಲ್ ದೆ ಕಾನ್ಯಾ' ಸುರಿದು ಕೊಡುತ್ತಾರೆ. ಅಮ್ಮ ಒಂದು ಚೂರು ಬಾಯಿಗಿಟ್ಟು, "ಇದು ಜೋನಿ ಬೆಲ್ಲವಲ್ಲವೇ!" ಎಂದರು.

'ಮಿಯೆಲ್ ದೆ ಕಾನ್ಯಾ' ಎಂಬುದರ ಅಕ್ಷರಶಃ ಅರ್ಥ ಕಬ್ಬಿನ ಜೇನು. ಈ ಕರಾವಳಿಯಲ್ಲಿ ಶತಮಾನಗಳ ಕಾಲ ಕಬ್ಬು ಬೆಳೆದಿದ್ದಾರೆ. ಈಗ ಆ ಇಳಿಜಾರುಗಳಲ್ಲಿ ಮಾವು, ಬೆಣ್ಣೆಹಣ್ಣು, ಸೀತಾಫಲದ ಸೋದರಿ ಚಿರಿಮೋಯಾ. ಕಬ್ಬಿನ ಪಾಕ ತಯಾರಿಸುವ ಕಾರ್ಖಾನೆ ಕಡಲತೀರದ ಊರಾದ ನೆರ್ಹಾದ ಮೇಲಿನ ಗುಡ್ಡದ ಊರು ಫ್ರಿಹಿಲಿಯಾನಾದಲ್ಲಿ ಇನ್ನೂ ಇದೆ. ಆ ಊರಿನ ಹಳೆಯ ಕೇರಿಗಳು ಮೆಟ್ಟಿಲುಗಳೇ. ಕಾರು ತೂರಿಸುವ ಸಾಹಸ ಬೇಡ, ಕೆಳಗೆ ಪಾರ್ಕಿಂಗಿನಲ್ಲಿ ಬಿಟ್ಟು ನಡೆಯಿರಿ. ಅಮ್ಮ ಎರಡು ಸೀಸೆ ಕೊಂಡರು. ಸೀಸೆಯನ್ನು ಕೈಚೀಲದಲ್ಲಿ ಇಡಬೇಡಿ, ನೂರು ಮಿಲಿಲೀಟರಿಗಿಂತ ಹೆಚ್ಚಿನ ದ್ರವವೆಂದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳಬಹುದು. ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ.