ಪಾಳುಬಿದ್ದ ಹಳೆಯ ಪೇಟೆಗೆ ಮರುಜೀವ: ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಹಳೆಯ ಪೇಟೆಯೊಂದನ್ನು ಉಳಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಕಲ್ಲುಹಾಸು, ದೀಪದ ಕಂಬ, ಕಟ್ಟಡಗಳ ಮುಂಭಾಗದ ಬಣ್ಣಕ್ಕೆ. ಸೂರು ಸೋರುತ್ತಿರುವಾಗ ಹೊರಗೋಡೆಗೆ ಬಳಿದ ಬಣ್ಣ ಹೆಚ್ಚು ದಿನ ನಿಲ್ಲುವುದಿಲ್ಲ. ಮೊದಲು ನೀರು ತಡೆಯಬೇಕು, ಆಮೇಲೆ ಕಟ್ಟಡಕ್ಕೊಂದು ಬಳಕೆ ಹುಡುಕಬೇಕು. ಅಂದಚೆಂದ ಕೊನೆಗೆ.

ಮೊದಲು ಲೆಕ್ಕ

ಪ್ರತಿ ಕಟ್ಟಡಕ್ಕೂ ಒಂದು ಹಾಳೆ ಮಾಡಿ. ಮಾಲೀಕರು ಎಷ್ಟು ಜನ, ಬಾಡಿಗೆದಾರರು ಇದ್ದಾರೆಯೇ, ಚಾವಣಿಯ ಸ್ಥಿತಿ ಏನು, ಮಹಡಿಗೆ ಹತ್ತುವ ದಾರಿ ಯಾವುದು, ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡಿದೆಯೇ, ಎಲ್ಲವನ್ನೂ ಬರೆಯಿರಿ. ಕಟ್ಟಡ ಪಾಳುಬೀಳಲು ಎಷ್ಟೋ ಸಲ ಮುಖ್ಯ ಕಾರಣ ಹಣದ ಕೊರತೆಯಲ್ಲ, ವಾರಸುದಾರರ ನಡುವಿನ ತಕರಾರು. ಆದ್ದರಿಂದ ಕಾಗದಪತ್ರ ಸ್ಪಷ್ಟವಾಗಿರುವ, ಒಂದರ ಪಕ್ಕ ಒಂದಿರುವ ಮೂರು ನಾಲ್ಕು ಕಟ್ಟಡಗಳಿಂದ ಶುರು ಮಾಡಿ. ಅಲ್ಲೊಂದು ಇಲ್ಲೊಂದು ದುರಸ್ತಿಯಾದರೆ ಬೀದಿ ಬದಲಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ನೀರು ನಿಲ್ಲಿಸಿ

ಮಳೆನೀರಿನ ದೋಣಿ, ಕೊಳವೆಗಳ ಕಸ ತೆಗೆಯಿರಿ, ಒಡೆದ ಹೆಂಚು ಬದಲಿಸಿ. ಚಾವಣಿ ಪೂರ್ತಿ ಹೋಗಿದ್ದರೆ ತಾತ್ಕಾಲಿಕ ತಗಡಿನ ಹೊದಿಕೆ ಹಾಕಿ, ಬದಿಗಳಲ್ಲಿ ಗಾಳಿಯಾಡಲು ಜಾಗ ಬಿಡಿ. ಟಾರ್ಪಾಲಿನ್ ಬಿಗಿದರೆ ತೇವ ಒಳಗೇ ಉಳಿದು ಮರ ಇನ್ನಷ್ಟು ಬೇಗ ಹಾಳಾಗುತ್ತದೆ. ಗೋಡೆಯಲ್ಲಿ ಬೇರೂರಿದ ಗಿಡವನ್ನು ಎಳೆದು ಕೀಳಬೇಡಿ. ಬೇರಿನೊಂದಿಗೆ ಕಲ್ಲೂ ಬರುತ್ತದೆ. ಬುಡ ಕತ್ತರಿಸಿ, ಬೇರು ಸಾಯಲು ಬಿಟ್ಟು, ಆಮೇಲೆ ಬಿಡಿಸಿ.

ತೊಲೆಗಳು ಹೆಚ್ಚಾಗಿ ಕೊಳೆಯುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿರುವ ತುದಿಯಲ್ಲಿ. ಅಲ್ಲಿ ಚೂಪಾದ ದಬ್ಬಳದಿಂದ ಚುಚ್ಚಿ ನೋಡಿ. ಗಟ್ಟಿ ಮರ ದಬ್ಬಳವನ್ನು ತಡೆಯುತ್ತದೆ, ಕೊಳೆತದ್ದು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಮರದ ತೇವಾಂಶ ಶೇ 20 ದಾಟಿದರೆ ಬೂಷ್ಟಿನ ಅಪಾಯವಿದೆ. ನೆನೆದ ಗೋಡೆ ಒಣಗಲು 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಸುಬಿನವರ ಅಂದಾಜು. ಅವಸರಕ್ಕೆ ಗಿಲಾವು ಮಾಡಿದರೆ ಅದು ಉಬ್ಬಿ ಕಳಚುತ್ತದೆ. ಇದೇ ಹೊತ್ತಿಗೆ ಬಿರುಕುಗಳ ಮೇಲೆ ಅಳತೆಪಟ್ಟಿ ಕೂರಿಸಿ, ತಿಂಗಳಿಗೊಮ್ಮೆ ಗುರುತು ಹಾಕಿ, ಒಂದು ವರ್ಷ ಪೂರ್ತಿ ನೋಡಿ. ಋತುವಿನೊಂದಿಗೆ ಹಿಗ್ಗಿ ಕುಗ್ಗುವ ಬಿರುಕಿಗೂ ಒಂದೇ ಸಮನೆ ಅಗಲವಾಗುವ ಬಿರುಕಿಗೂ ಚಿಕಿತ್ಸೆ ಬೇರೆ ಬೇರೆ.

ಸಿಮೆಂಟ್ ಬೇಡ

ಹಳೆಯ ಸುಣ್ಣದ ಗೋಡೆಗಳಿಗೆ ಅತಿ ಹೆಚ್ಚು ಹಾನಿ ಮಾಡಿರುವುದು ಒಳ್ಳೆಯ ಉದ್ದೇಶದಿಂದ ಮೆತ್ತಿದ ಸಿಮೆಂಟ್. ಸುಣ್ಣದ ಗಾರೆ ಮೆದು. ಗೋಡೆಯ ತೇವ ಸಂದುಗಳ ಮೂಲಕ ಹೊರಹೋಗುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚಿ, ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗುತ್ತದೆ. ನೀರು ಆರಿದ ಮೇಲೆ ಉಳಿಯುವ ಉಪ್ಪು ಇಟ್ಟಿಗೆಯ ಮುಖದ ಹಿಂದೆ ಹರಳುಗಟ್ಟಿ ಅದನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಕೆಲವು ವರ್ಷಕ್ಕೆ ಇಟ್ಟಿಗೆ ಸವೆದು ಗುಳಿಬಿದ್ದು, ಸಿಮೆಂಟ್ ಗೆರೆಗಳಷ್ಟೇ ಮುಂದಕ್ಕೆ ಚಾಚಿ ನಿಂತಿರುತ್ತವೆ.

ಸಂದನ್ನು ಅದರ ಅಗಲದ ಎರಡರಷ್ಟು ಆಳಕ್ಕೆ, ಕನಿಷ್ಠ 25 ಮಿ.ಮೀ., ಕೈ ಉಳಿಯಿಂದ ಕೆರೆಯಿರಿ. ತಿರುಗುವ ಯಂತ್ರದ ಬ್ಲೇಡು ಇಟ್ಟಿಗೆಯ ಅಂಚನ್ನೇ ಕತ್ತರಿಸಿಬಿಡುತ್ತದೆ. ಗೋಡೆ ಒದ್ದೆ ಮಾಡಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಒರಟು ಮರಳು ಬೆರೆಸಿದ ಗಾರೆಯನ್ನು ಒತ್ತಿ ತುಂಬಿ. ಬಿಸಿಲು ಬೀಳದಂತೆ ಒದ್ದೆ ಗೋಣಿತಾಟು ಇಳಿಬಿಟ್ಟು, ಹಲವು ದಿನ ನಿಧಾನವಾಗಿ ಆರಲು ಬಿಡಿ.

ಕಟ್ಟಡಕ್ಕೆ ಹೊಂದುವ ಬಳಕೆ

ಬಳಕೆಗೆ ತಕ್ಕಂತೆ ಕಟ್ಟಡವನ್ನು ಒಡೆಯಬೇಡಿ, ಕಟ್ಟಡಕ್ಕೆ ತಕ್ಕ ಬಳಕೆ ಹುಡುಕಿ. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರದ ಲೆಕ್ಕ ಹಿಡಿಯುತ್ತಾರೆ. ಪುಸ್ತಕದ ಕಪಾಟುಗಳಿಗೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಹಾಗಾಗಿ ಗ್ರಂಥಾಲಯ ಕೆಳಗಿರಲಿ, ಮನೆ ಮೇಲಿರಲಿ. ಮಹಡಿಯ ಮೆಟ್ಟಿಲು ಅಂಗಡಿಯೊಳಗಿನಿಂದಲೇ ಹೋಗುವಂತಿದ್ದರೆ ಮೇಲಿನ ಮನೆ ಖಾಲಿಯೇ ಉಳಿಯುತ್ತದೆ. ಬೀದಿಯಿಂದ ಪ್ರತ್ಯೇಕ ಬಾಗಿಲು ಕೊಡಿ. ಅಡುಗೆಮನೆ, ಬಚ್ಚಲುಗಳನ್ನು ಒಂದರ ಮೇಲೊಂದು ಹಿಂಭಾಗದಲ್ಲಿ ಕೂರಿಸಿ. ತಂತಿಗಳು ಗೋಡೆಯ ಮೇಲೇ ಹಾದುಹೋಗಲಿ.

ಹಣದ ಮಾತು ನೇರವಾಗಿರಲಿ. ಎಷ್ಟೋ ಕಡೆ ದುರಸ್ತಿಯ ಖರ್ಚು ಕಟ್ಟಡದ ಮುಂದಿನ ಬೆಲೆಗಿಂತ ಹೆಚ್ಚು. ಆ ಅಂತರವನ್ನು ಅನುದಾನ ತುಂಬಬೇಕು, ಇಲ್ಲವೇ ಒಂದು ಕಟ್ಟಡ ಕೊಂಡು, ದುರಸ್ತಿ ಮಾಡಿ, ಷರತ್ತಿನೊಂದಿಗೆ ಮಾರಿ, ಬಂದ ಹಣವನ್ನು ಮುಂದಿನದಕ್ಕೆ ಹಾಕುವ ಆವರ್ತ ನಿಧಿ ಬೇಕು. ಗೋಡೆ ಬಿಚ್ಚಿದ ಮೇಲೆ ಕಾಣುವ ತೊಂದರೆಗಳಿಗೆಂದು ಶೇ 15ರಿಂದ 20ರಷ್ಟು ತೆಗೆದಿಡಿ.

ಬಾಡಿಗೆ ಏರಿ ಅಲ್ಲಿದ್ದವರೇ ಹೊರಬಿದ್ದರೆ ಪೇಟೆ ಉಳಿದಂತಲ್ಲ. ಇಟಲಿಯ ಬೊಲೋನ್ಯಾ ನಗರ 1973ರ ಯೋಜನೆಯಲ್ಲಿ ಹಳೆಯ ಮನೆಗಳನ್ನು ಸಾರ್ವಜನಿಕ ವಸತಿ ನಿಧಿಯಿಂದ ದುರಸ್ತಿ ಮಾಡಿ, ಅದೇ ನಿವಾಸಿಗಳನ್ನು ಅಲ್ಲೇ ಉಳಿಸಿಕೊಳ್ಳಲು ಹೊರಟಿತು. ಬಾಡಿಗೆಯ ಮಿತಿಯನ್ನು ಅನುದಾನದ ಕರಾರಿನಲ್ಲೇ ಬರೆಸಿ. ಕೆಲಸ ಮುಗಿದ ಮೇಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಕಲ್ಲುಹಾಸಿನ ಸರದಿ ಈಗ. ನೀರು, ಚರಂಡಿ, ವಿದ್ಯುತ್ ಕೊಳವೆಗಳೆಲ್ಲ ನೆಲದೊಳಗೆ ಹೋದ ಮೇಲಷ್ಟೇ ಹಾಸಿ. ಇಳಿಜಾರು ಗೋಡೆಯಿಂದ ಆಚೆಗಿರಲಿ, ಬೀದಿಯ ಮಟ್ಟ ಮನೆಯೊಳಗಿನ ನೆಲಕ್ಕಿಂತ ಕೆಳಗಿರಲಿ. ಗೋಡೆಯ ಬುಡಕ್ಕೆ ಕಾಂಕ್ರೀಟ್ ತಾಗಿಸದೆ, ನೆಲದ ತೇವ ಆರಿಹೋಗಲು ಒಂದು ಗೇಣು ಅಗಲ ಜಲ್ಲಿಯ ಪಟ್ಟಿ ಬಿಡಿ.